ಜಾಲತಾಣಕ್ಕೆ ಬಂದ ಅರ್ಜಿಯೂ ಆವಕ ಪತ್ರವೇ
ನಮೂನೆಗಳ ಮೂಲಕ ಬರುವ ಸಲ್ಲಿಕೆಗಳನ್ನು ಉಳಿಸುವ ಹಾಗೂ ನಿರ್ವಹಿಸುವ ಕ್ರಮ: ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಭ್ಯಾಸ ಪಾಠ



ಸ್ವಂತ ಜಾಲತಾಣವನ್ನು ಹೊಂದಿರುವ ಅಥವಾ ಹೊಂದಲು ಉದ್ದೇಶಿಸಿರುವ ಗ್ರಾಮ ಪಂಚಾಯಿತಿಗಳ ಸದಸ್ಯರಿಗಾಗಿ ಈ ಪಾಠವನ್ನು ಸಿದ್ಧಪಡಿಸಲಾಗಿದೆ. ಜಾಲತಾಣದಲ್ಲಿ ‘ದೂರು ಮತ್ತು ಸಲಹೆ’ ಎಂಬ ನಮೂನೆಯನ್ನು ಇರಿಸುವುದು ಸುಲಭ. ಆ ನಮೂನೆಯಲ್ಲಿ ನಾಗರಿಕರು ಬರೆದದ್ದು ಎಲ್ಲಿಗೆ ಹೋಗುತ್ತದೆ, ಎಲ್ಲಿ ಉಳಿಯುತ್ತದೆ, ಅದಕ್ಕೆ ಯಾರು ಹೊಣೆ ಎಂಬುದನ್ನು ಗೊತ್ತುಪಡಿಸುವುದು ಅಷ್ಟು ಸುಲಭವಲ್ಲ. ಸದಸ್ಯರು ಗಣಕಯಂತ್ರ ನಿರ್ವಾಹಕರಾಗಬೇಕೆಂಬುದು ಈ ಪಾಠದ ಉದ್ದೇಶವಲ್ಲ. ಸಭೆಯಲ್ಲಿ ಸರಿಯಾದ ಪ್ರಶ್ನೆ ಕೇಳುವಷ್ಟು, ಬಂದ ಉತ್ತರ ಸರಿಯೇ ಎಂದು ತೂಗಿ ನೋಡುವಷ್ಟು ತಿಳಿವಳಿಕೆ ಸದಸ್ಯರಿಗೆ ಇರಬೇಕೆಂಬುದೇ ಉದ್ದೇಶ.

1. ಆವಕ ವಹಿಯ ತತ್ತ್ವ

ಕಚೇರಿಗೆ ಕಾಗದದ ಅರ್ಜಿಯೊಂದು ಬಂದಾಗ ನಡೆಯುವ ಕ್ರಮವನ್ನು ಸದಸ್ಯರೆಲ್ಲರೂ ಬಲ್ಲರು. ಅರ್ಜಿಯ ಮೇಲೆ ಮೊಹರು ಬೀಳುತ್ತದೆ, ದಿನಾಂಕ ನಮೂದಾಗುತ್ತದೆ, ಆವಕ ವಹಿಯಲ್ಲಿ ಅದಕ್ಕೊಂದು ಸಂಖ್ಯೆ ದೊರೆಯುತ್ತದೆ, ಅರ್ಜಿದಾರರಿಗೆ ಸ್ವೀಕೃತಿ ಸಿಗುತ್ತದೆ. ಇದರಿಂದ ಮೂರು ಪ್ರಯೋಜನಗಳಿವೆ. ಅರ್ಜಿ ಬಂದೇ ಇಲ್ಲವೆಂದು ಯಾರೂ ಹೇಳಲಾಗದು. ಅದು ಬಂದು ಎಷ್ಟು ದಿನವಾಯಿತೆಂಬುದು ತಿಳಿಯುತ್ತದೆ. ಬಂದವೆಷ್ಟು, ವಿಲೇವಾರಿಯಾದವೆಷ್ಟು, ಬಾಕಿ ಎಷ್ಟು ಎಂಬ ಲೆಕ್ಕವನ್ನು ಸಭೆಯ ಮುಂದೆ ಇಡಬಹುದು.

ಜಾಲತಾಣದ ನಮೂನೆಯ ಮೂಲಕ ಬರುವ ದೂರಿಗೂ ಇದೇ ಮೂರು ಪ್ರಯೋಜನಗಳು ದೊರೆಯಬೇಕು. ಮಾಹಿತಿ ಹಕ್ಕು ಅಧಿನಿಯಮ, 2005 ‘ದಾಖಲೆ’ ಎಂಬ ಪದವನ್ನು ವಿವರಿಸುವಾಗ ಗಣಕಯಂತ್ರದಿಂದ ಉಂಟಾದ ಸಾಮಗ್ರಿಯನ್ನೂ ಅದರಲ್ಲಿ ಸೇರಿಸಿದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆ ನೀಡಿದೆ. ಹೀಗಿರುವಾಗ ಜಾಲತಾಣಕ್ಕೆ ಬಂದ ದೂರು ಮೇಜಿನ ಮೇಲೆ ಬಂದ ದೂರಿಗಿಂತ ಕಡಿಮೆಯದೆಂದು ಭಾವಿಸಲು ಆಧಾರವಿಲ್ಲ. ಕಾಗದದ ಅರ್ಜಿ ಕಳೆದುಹೋದರೆ ಕಚೇರಿ ಉತ್ತರಿಸಬೇಕಾಗುವಂತೆ ಜಾಲತಾಣದ ಅರ್ಜಿ ಕಳೆದುಹೋದರೂ ಕಚೇರಿಯೇ ಉತ್ತರಿಸಬೇಕಾಗುತ್ತದೆ.

2. ನಮೂನೆ ಕೆಲಸ ಮಾಡುವ ಬಗೆ

ಜಾಲತಾಣಗಳನ್ನು ಕಟ್ಟಲು ಬಳಸುವ ತಂತ್ರಾಂಶಗಳಲ್ಲಿ ವರ್ಡ್‌ಪ್ರೆಸ್ ವ್ಯಾಪಕವಾಗಿ ಬಳಕೆಯಲ್ಲಿದೆ. 2003ರಲ್ಲಿ ಹೊರಬಂದ ಈ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಇದಕ್ಕೆ ಹೊಸ ಸೌಲಭ್ಯವೊಂದು ಬೇಕಾದಾಗ ಜೋಡಿಸುವ ಸಣ್ಣ ತಂತ್ರಾಂಶವನ್ನು ‘ಪ್ಲಗಿನ್’ ಎನ್ನುತ್ತಾರೆ. ಪಂಪ್‌ಸೆಟ್ಟಿಗೆ ಸ್ಟಾರ್ಟರ್ ಜೋಡಿಸಿದಂತೆ, ಮೂಲ ಯಂತ್ರ ಹಾಗೆಯೇ ಇದ್ದು ಅದಕ್ಕೊಂದು ಹೊಸ ಕೆಲಸ ಸೇರಿಕೊಳ್ಳುತ್ತದೆ. ನಮೂನೆ ರಚಿಸುವ ಪ್ಲಗಿನ್‌ಗಳಲ್ಲಿ ಜಪಾನಿನ ತಕಾಯುಕಿ ಮಿಯೋಶಿ ಅವರು ರೂಪಿಸಿದ ‘ಕಾಂಟ್ಯಾಕ್ಟ್ ಫಾರ್ಮ್ 7’ ಬಹಳ ಕಡೆ ಬಳಕೆಯಲ್ಲಿದೆ. ಈ ಪಾಠದಲ್ಲಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ನಾಗರಿಕರೊಬ್ಬರು ನಮೂನೆಯನ್ನು ತುಂಬಿ ‘ಸಲ್ಲಿಸಿ’ ಗುಂಡಿಯನ್ನು ಒತ್ತಿದಾಗ ಅವರು ಬರೆದ ವಿವರಗಳು ಜಾಲತಾಣವಿರುವ ಸರ್ವರ್‌ಗೆ ತಲುಪುತ್ತವೆ. ಅಲ್ಲಿ ಕಾಂಟ್ಯಾಕ್ಟ್ ಫಾರ್ಮ್ 7 ಆ ವಿವರಗಳನ್ನು ಒಂದು ಇ-ಮೇಲ್ ಆಗಿ ಜೋಡಿಸಿ, ಮೊದಲೇ ನಿಗದಿಪಡಿಸಿದ ವಿಳಾಸಕ್ಕೆ ಕಳುಹಿಸುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯುತ್ತದೆ. ತನ್ನಷ್ಟಕ್ಕೆ ಅದು ಯಾವ ಪ್ರತಿಯನ್ನೂ ಜಾಲತಾಣದಲ್ಲಿ ಉಳಿಸಿಕೊಳ್ಳುವುದಿಲ್ಲ. ಇದು ಪ್ಲಗಿನ್‌ನ ದೋಷವಲ್ಲ. ನಾಗರಿಕರ ವೈಯಕ್ತಿಕ ವಿವರವನ್ನು ಡೇಟಾಬೇಸಿನಲ್ಲಿ ಬರೆದಿಡದಿರುವುದು ಅದರ ಮೂಲ ವಿನ್ಯಾಸ. ಆದರೆ ಈ ಸಂಗತಿ ತಿಳಿಯದೆ ನಮೂನೆಯನ್ನು ಇರಿಸಿದರೆ ಇ-ಮೇಲ್ ಒಂದೇ ದಾಖಲೆಯಾಗುತ್ತದೆ. ಅದು ತಲುಪದಿದ್ದರೆ ಅರ್ಜಿಯೇ ಇಲ್ಲವಾಗುತ್ತದೆ.

ಇ-ಮೇಲ್ ತಲುಪದಿರಲು ಹಲವು ಕಾರಣಗಳಿವೆ. ಪಂಚಾಯಿತಿಯ ಅಂಚೆಪೆಟ್ಟಿಗೆಯಲ್ಲಿ ಜಾಗ ತುಂಬಿರಬಹುದು. ವರ್ಗಾವಣೆಯಾಗಿ ಹೋದವರ ಸ್ವಂತ ವಿಳಾಸವೇ ಇನ್ನೂ ನಮೂನೆಯಲ್ಲಿ ಉಳಿದಿರಬಹುದು. ಸರ್ವರ್‌ನಿಂದ ನೇರವಾಗಿ ಹೊರಟ ಪತ್ರವನ್ನು ಸ್ವೀಕರಿಸುವ ಕಡೆಯ ವ್ಯವಸ್ಥೆ ಅನಪೇಕ್ಷಿತ ಪತ್ರವೆಂದು ಬಗೆದು ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳಿರಬಹುದು. ಪತ್ರದ ‘ಕಳುಹಿಸುವವರು’ ಜಾಗದಲ್ಲಿ ದೂರುದಾರರ ವಿಳಾಸವನ್ನು ಇಟ್ಟಿದ್ದರೆ ಇದು ಇನ್ನಷ್ಟು ಸಂಭವನೀಯ. ಒಬ್ಬರ ಹೆಸರಿನಲ್ಲಿ ಇನ್ನೊಂದು ಸರ್ವರ್ ಪತ್ರ ಬರೆದಂತೆ ಅದು ಕಾಣುತ್ತದೆ. ಕಳುಹಿಸುವವರ ವಿಳಾಸ ಜಾಲತಾಣದ ಸ್ವಂತ ಡೊಮೇನ್‌ನದೇ ಆಗಿದ್ದು, ದೂರುದಾರರ ವಿಳಾಸವನ್ನು ‘ಉತ್ತರಿಸಬೇಕಾದ ವಿಳಾಸ’ ಎಂಬ ಸ್ಥಾನದಲ್ಲಿ ಇಡುವುದು ಸರಿಯಾದ ಕ್ರಮ.

ಇಲ್ಲಿ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ‘ನಿಮ್ಮ ಸಂದೇಶವನ್ನು ಕಳುಹಿಸಲಾಗಿದೆ’ ಎಂಬ ಹಸಿರು ಗೆರೆಯ ಉತ್ತರ ನಾಗರಿಕರ ಮೊಬೈಲಿನಲ್ಲಿ ಮೂಡುತ್ತದೆ. ಪತ್ರವನ್ನು ಸರ್ವರ್ ತನ್ನ ಕೈಗೆ ತೆಗೆದುಕೊಂಡಿತು ಎಂಬುದಷ್ಟೇ ಇದರ ಅರ್ಥ. ಪಂಚಾಯಿತಿಯ ಅಂಚೆಪೆಟ್ಟಿಗೆಗೆ ಅದು ತಲುಪಿತೆಂದಾಗಲಿ, ಯಾರಾದರೂ ಅದನ್ನು ಓದಿದರೆಂದಾಗಲಿ ಅರ್ಥವಲ್ಲ. ಊರಿನ ಅಂಚೆ ಡಬ್ಬಿಗೆ ಕಾಗದ ಹಾಕುವುದಕ್ಕೂ ಅದು ವಿಳಾಸದಾರರ ಕೈ ಸೇರುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ.

ಉದಾಹರಣೆಗೆ, ಬೆಂಗಳೂರಿನಲ್ಲಿ ದುಡಿಯುತ್ತಿರುವ ಮಗನೊಬ್ಬ ಊರಿನಲ್ಲಿರುವ ತಾಯಿಯ ಕೇರಿಯ ನಲ್ಲಿಯಲ್ಲಿ ಎಂಟು ದಿನಗಳಿಂದ ನೀರು ಬರುತ್ತಿಲ್ಲವೆಂದು ಜಾಲತಾಣದಲ್ಲಿ ದೂರು ಸಲ್ಲಿಸಿದನೆಂದು ಭಾವಿಸೋಣ. ಕಳುಹಿಸಲಾಗಿದೆ ಎಂಬ ಉತ್ತರವನ್ನು ಅವನು ನೋಡುತ್ತಾನೆ. ಪತ್ರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ನೀರುಗಂಟಿಗೆ ಸುದ್ದಿಯಿಲ್ಲ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಸುದ್ದಿಯಿಲ್ಲ, ವಾರ್ಡಿನ ಸದಸ್ಯರಿಗೂ ಇಲ್ಲ. ತಿಳಿಸಿದರೂ ಪಂಚಾಯಿತಿ ಕಿವಿಗೊಡಲಿಲ್ಲವೆಂದು ಆ ಮನೆಯವರು ತೀರ್ಮಾನಿಸುತ್ತಾರೆ. ತಿಳಿಸಲೇ ಇಲ್ಲವೆಂದು ಪಂಚಾಯಿತಿ ಹೇಳುತ್ತದೆ. ಇಬ್ಬರ ಮಾತೂ ಅವರವರ ಮಟ್ಟಿಗೆ ಸತ್ಯ. ನಡುವೆ ದಾಖಲೆ ಇಲ್ಲದಿರುವುದರಿಂದ ಇದನ್ನು ಇತ್ಯರ್ಥಪಡಿಸಲು ದಾರಿಯೇ ಇಲ್ಲ. ತಾಯಿ ಮಾತ್ರ ಕೊಡ ಹಿಡಿದು ಪಕ್ಕದ ಕೇರಿಗೆ ಹೋಗುತ್ತಲೇ ಇರುತ್ತಾಳೆ.

3. ಸಲ್ಲಿಕೆಗಳನ್ನು ಉಳಿಸುವ ಪ್ಲಗಿನ್

ಈ ಕೊರತೆಯನ್ನು ನೀಗಲು ಅದೇ ಮಿಯೋಶಿ ಅವರು ‘ಫ್ಲೆಮಿಂಗೋ’ ಎಂಬ ಇನ್ನೊಂದು ಪ್ಲಗಿನ್ ರೂಪಿಸಿದ್ದಾರೆ. ಇದೂ ಉಚಿತ. ಇದನ್ನು ಜೋಡಿಸಿದ ಮೇಲೆ ಕಾಂಟ್ಯಾಕ್ಟ್ ಫಾರ್ಮ್ 7ರ ಮೂಲಕ ಬರುವ ಪ್ರತಿಯೊಂದು ಸಲ್ಲಿಕೆಯ ಪ್ರತಿ ಜಾಲತಾಣದ ಸ್ವಂತ ಡೇಟಾಬೇಸಿನಲ್ಲಿ ಉಳಿಯುತ್ತದೆ. ಇ-ಮೇಲ್ ಕಳುಹಿಸುವುದು ವಿಫಲವಾದರೂ ಪ್ರತಿ ಉಳಿಯುತ್ತದೆ ಎಂಬುದು ಇದರ ಮುಖ್ಯ ಲಾಭ.

ಜೋಡಿಸುವ ಕ್ರಮ ಹೀಗಿದೆ:

(ಅ) ಜಾಲತಾಣದ ಆಡಳಿತ ಪುಟವನ್ನು ನಿರ್ವಾಹಕರ ಖಾತೆಯಿಂದ ಪ್ರವೇಶಿಸಿ, ‘ಪ್ಲಗಿನ್ಸ್’ ವಿಭಾಗದಲ್ಲಿ ಹೊಸದನ್ನು ಸೇರಿಸುವ ಪುಟಕ್ಕೆ ಹೋಗುವುದು.

(ಆ) ಹುಡುಕು ಪೆಟ್ಟಿಗೆಯಲ್ಲಿ ಫ್ಲೆಮಿಂಗೋ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕುವುದು. ರೂಪಿಸಿದವರ ಹೆಸರನ್ನು ಪರಿಶೀಲಿಸಿಯೇ ‘ಇನ್‌ಸ್ಟಾಲ್’, ಅನಂತರ ‘ಆಕ್ಟಿವೇಟ್’ ಗುಂಡಿಗಳನ್ನು ಒತ್ತುವುದು.

(ಇ) ಎಡಬದಿಯ ಪಟ್ಟಿಯಲ್ಲಿ ಫ್ಲೆಮಿಂಗೋ ಎಂಬ ಹೊಸ ವಿಭಾಗ ಕಾಣಿಸುತ್ತದೆ. ಅದರಲ್ಲಿ ‘ಅಡ್ರೆಸ್ ಬುಕ್’ ಮತ್ತು ‘ಇನ್‌ಬೌಂಡ್ ಮೆಸೇಜಸ್’ ಎಂಬ ಎರಡು ಭಾಗಗಳಿವೆ. ಮೊದಲನೆಯದು ವಿಳಾಸಗಳ ಪಟ್ಟಿ. ಎರಡನೆಯದು ಬಂದ ಸಂದೇಶಗಳ ಸಂಗ್ರಹ. ನಮ್ಮ ಆವಕ ವಹಿಗೆ ಸಮನಾದುದು ಈ ಎರಡನೆಯ ಭಾಗವೇ.

(ಈ) ಒಂದಕ್ಕಿಂತ ಹೆಚ್ಚು ನಮೂನೆಗಳಿದ್ದರೆ ಪ್ರತಿಯೊಂದರ ಸಲ್ಲಿಕೆಗಳನ್ನೂ ಬೇರೆ ಬೇರೆಯಾಗಿ ಆರಿಸಿ ನೋಡಬಹುದು.

ಇದರ ಮಿತಿಗಳನ್ನೂ ತಿಳಿದಿರಬೇಕು. ಮೊದಲನೆಯದಾಗಿ, ಪ್ಲಗಿನ್ ಜೋಡಿಸುವ ಮುನ್ನ ಬಂದ ಸಲ್ಲಿಕೆಗಳನ್ನು ಇದು ಮರಳಿ ತರಲಾರದು. ಹಳೆಯ ದೂರುಗಳು ಬೇಕಾದರೆ ಇ-ಮೇಲ್ ಪೆಟ್ಟಿಗೆಯನ್ನೂ ಅದರ ಸ್ಪ್ಯಾಮ್ ಭಾಗವನ್ನೂ ಹುಡುಕಿಸಬೇಕು. ಎರಡನೆಯದಾಗಿ, ನಾಗರಿಕರು ನಮೂನೆಯೊಂದಿಗೆ ಲಗತ್ತಿಸುವ ಛಾಯಾಚಿತ್ರ ಅಥವಾ ಕಡತವನ್ನು ಫ್ಲೆಮಿಂಗೋ ಉಳಿಸುವುದಿಲ್ಲ. ಅದು ಇ-ಮೇಲ್ ಜೊತೆಗೆ ಮಾತ್ರ ಹೋಗುತ್ತದೆ. ಕಾಂಟ್ಯಾಕ್ಟ್ ಫಾರ್ಮ್ 7ಕ್ಕೆ ಜೋಡಿಸಬಹುದಾದ ‘ಸಿಎಫ್‌ಡಿಬಿ7’ ಎಂಬ ಬೇರೊಂದು ಪ್ಲಗಿನ್ ಲಗತ್ತುಗಳನ್ನೂ ಉಳಿಸುತ್ತದೆ. ಆದರೆ ಹಾಗೆ ಉಳಿದ ಕಡತಗಳು ಸರ್ವರ್‌ನ ಅಪ್‌ಲೋಡ್ ಕೋಶದಲ್ಲಿರುವುದರಿಂದ ಹೊರಗಿನವರು ಅವನ್ನು ತೆರೆಯಲಾಗದಂತೆ ಬಂದೋಬಸ್ತು ಮಾಡಿಸಬೇಕು. ಮೂರನೆಯದಾಗಿ, ನಮೂನೆಯ ಹೆಚ್ಚುವರಿ ಸೆಟ್ಟಿಂಗ್‌ನಲ್ಲಿ ‘ಡು ನಾಟ್ ಸ್ಟೋರ್’ ಎಂಬ ಸೂಚನೆಯಿದ್ದರೆ ಆ ನಮೂನೆಯ ಸಲ್ಲಿಕೆಗಳು ಸಂಗ್ರಹವಾಗುವುದಿಲ್ಲ. ಪ್ಲಗಿನ್ ಇದೆಯೆಂದ ಮಾತ್ರಕ್ಕೆ ಎಲ್ಲವೂ ಉಳಿಯುತ್ತಿದೆಯೆಂದು ತಿಳಿಯಬಾರದು, ಪರೀಕ್ಷಿಸಿ ನೋಡಬೇಕು.

ಬೇರೆ ನಮೂನೆ ಪ್ಲಗಿನ್ ಬಳಸುತ್ತಿರುವ ಪಂಚಾಯಿತಿಗಳೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಕೆಲವು ಪ್ಲಗಿನ್‌ಗಳಲ್ಲಿ ಸಲ್ಲಿಕೆಗಳನ್ನು ನೋಡುವ ಸೌಲಭ್ಯ ಹಣ ಪಾವತಿಸಿ ಪಡೆಯುವ ಆವೃತ್ತಿಯಲ್ಲಿ ಮಾತ್ರ ಇರುತ್ತದೆ.

4. ನಮೂನೆಯಲ್ಲಿ ಏನನ್ನು ಕೇಳಬೇಕು, ಏನನ್ನು ಕೇಳಬಾರದು

ಉಳಿಸುವುದೆಂದರೆ ಕಾಪಾಡುವ ಹೊಣೆಯನ್ನು ಹೊರುವುದು. ಆದ್ದರಿಂದ ಕೆಲಸಕ್ಕೆ ಬೇಕಾದಷ್ಟನ್ನೇ ಕೇಳುವುದು ವಿವೇಕ. ದೂರಿನ ನಮೂನೆಗೆ ಹೆಸರು, ಗ್ರಾಮ ಅಥವಾ ಜನವಸತಿ, ವಾರ್ಡ್, ಮೊಬೈಲ್ ಸಂಖ್ಯೆ, ವಿಷಯ ಮತ್ತು ವಿವರ ಸಾಕು. ವಿಷಯವನ್ನು ಬರೆಯಲು ಬಿಡುವ ಬದಲು ಕುಡಿಯುವ ನೀರು, ಬೀದಿದೀಪ, ಚರಂಡಿ ಮತ್ತು ನೈರ್ಮಲ್ಯ, ರಸ್ತೆ, ತೆರಿಗೆ, ಇತರೆ ಎಂಬ ಆಯ್ಕೆಗಳನ್ನು ಕೊಟ್ಟರೆ ಮುಂದೆ ವಿಷಯವಾರು ಲೆಕ್ಕ ತೆಗೆಯಲು ಅನುಕೂಲ. ದೂರಿನ ಸ್ಥಳವನ್ನು ಗುರುತಿಸಲು ‘ಹತ್ತಿರದ ಗುರುತು’ ಎಂಬ ಒಂದು ಜಾಗವನ್ನಿಟ್ಟರೆ ನೀರುಗಂಟಿಗೆ ಊರೆಲ್ಲ ಅಲೆಯುವ ಶ್ರಮ ತಪ್ಪುತ್ತದೆ.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಜಾತಿ, ಪಡಿತರ ಚೀಟಿ ಸಂಖ್ಯೆ ಮುಂತಾದವು ಬೀದಿದೀಪದ ದೂರಿಗೆ ಬೇಕಿಲ್ಲ. ಬೇಕಿಲ್ಲದ ವಿವರವನ್ನು ಕೇಳದಿದ್ದರೆ ಅದು ಸೋರಿಹೋಗುವ ಭಯವೂ ಇಲ್ಲ. ಇ-ಮೇಲ್ ವಿಳಾಸವನ್ನು ಕಡ್ಡಾಯ ಮಾಡಬಾರದು. ಗ್ರಾಮದ ಅನೇಕರು ಮೊಬೈಲ್ ಬಳಸಿದರೂ ಇ-ಮೇಲ್ ಬಳಸುವುದಿಲ್ಲ. ಆ ಒಂದು ಜಾಗ ತುಂಬಲಾಗದೆ ದೂರನ್ನೇ ಕೈಬಿಡುವವರಿರುತ್ತಾರೆ. ನಮೂನೆಯ ಕೆಳಗೆ ‘ಈ ವಿವರಗಳನ್ನು ದೂರಿನ ವಿಲೇವಾರಿಗಾಗಿ ಮಾತ್ರ ಪಂಚಾಯಿತಿಯು ಉಳಿಸಿಕೊಳ್ಳುತ್ತದೆ’ ಎಂಬ ವಾಕ್ಯವನ್ನೂ, ಒಪ್ಪಿಗೆಯ ಗುರುತು ಹಾಕುವ ಚೌಕವನ್ನೂ ಇಡುವುದು ಯುಕ್ತ.

5. ಕ್ರಮಸಂಖ್ಯೆ ಮತ್ತು ಸ್ವೀಕೃತಿ

ಫ್ಲೆಮಿಂಗೋ ಜೋಡಿಸಿದ ನಂತರ ಕಾಂಟ್ಯಾಕ್ಟ್ ಫಾರ್ಮ್ 7ರ ಪತ್ರದಲ್ಲಿ ‘ಸೀರಿಯಲ್ ನಂಬರ್’ ಎಂಬ ವಿಶೇಷ ಗುರುತನ್ನು ಬಳಸಬಹುದು. ಪ್ರತಿ ಸಲ್ಲಿಕೆಗೂ ಆ ಸ್ಥಳದಲ್ಲಿ ಒಂದೊಂದು ಸಂಖ್ಯೆ ತಾನಾಗಿ ಮೂಡುತ್ತದೆ. ದೂರುದಾರರಿಗೆ ತಾನಾಗಿ ಹೋಗುವ ಎರಡನೆಯ ಪತ್ರದಲ್ಲಿಯೂ ಇದನ್ನು ಸೇರಿಸಿದರೆ ಅದು ಸ್ವೀಕೃತಿಯ ಕೆಲಸ ಮಾಡುತ್ತದೆ.

ಆದರೆ ಈ ಸಂಖ್ಯೆ ಸಂಗ್ರಹದಲ್ಲಿರುವ ಸಲ್ಲಿಕೆಗಳ ಎಣಿಕೆಯನ್ನು ಅವಲಂಬಿಸಿದೆ. ನಡುವಿನ ಕೆಲವನ್ನು ಯಾರಾದರೂ ಅಳಿಸಿದರೆ ಹಿಂದೆ ಕೊಟ್ಟ ಸಂಖ್ಯೆಯೇ ಇನ್ನೊಬ್ಬರಿಗೆ ದೊರೆಯುವ ಸಂಭವವಿದೆ. ಆದ್ದರಿಂದ ಇದು ಕಚೇರಿಯ ಆವಕ ಸಂಖ್ಯೆಗೆ ಬದಲಿಯಾಗಲಾರದು. ಪ್ರತಿಯೊಂದು ಸಲ್ಲಿಕೆಯನ್ನೂ ಆವಕ ವಹಿಗೆ ಏರಿಸಿ, ಅಲ್ಲಿ ದೊರೆತ ಸಂಖ್ಯೆಯನ್ನೇ ಅಂತಿಮವೆಂದು ಪರಿಗಣಿಸಬೇಕು. ಇ-ಮೇಲ್ ಇಲ್ಲದ ದೂರುದಾರರಿಗೆ ಆವಕ ಸಂಖ್ಯೆಯನ್ನು ದೂರವಾಣಿಯಲ್ಲೋ ಕಿರುಸಂದೇಶದಲ್ಲೋ ತಿಳಿಸಬೇಕು. ಈ ಒಂದು ಕರೆಯಿಂದ ಮೊಬೈಲ್ ಸಂಖ್ಯೆ ಸರಿಯೇ, ದೂರು ನಿಜವೇ, ಸ್ಥಳ ಯಾವುದು ಎಂಬುದೂ ಖಚಿತವಾಗುತ್ತದೆ.

6. ಉಳಿಸಿದ ಮಾತ್ರಕ್ಕೆ ವಿಲೇವಾರಿಯಾಗದು

ಫ್ಲೆಮಿಂಗೋ ಸಲ್ಲಿಕೆಯನ್ನು ಉಳಿಸುತ್ತದೆ. ಅದರ ಮೇಲೆ ಕ್ರಮ ಕೈಗೊಳ್ಳುವುದಿಲ್ಲ. ‘ಪರಿಶೀಲನೆಯಲ್ಲಿದೆ’, ‘ವಿಲೇವಾರಿಯಾಗಿದೆ’ ಎಂದು ನಮೂದಿಸುವ ಅಂಕಣಗಳೂ ಅದರಲ್ಲಿಲ್ಲ. ಆ ಕೆಲಸವನ್ನು ಕಚೇರಿಯ ಕ್ರಮದಿಂದಲೇ ಪೂರೈಸಬೇಕು. ಈ ಕೆಳಗಿನ ದಿನಚರಿ ಸಣ್ಣ ಕಚೇರಿಗೂ ಸಾಧ್ಯವಾದುದು:

(ಅ) ಪ್ರತಿ ಕೆಲಸದ ದಿನ ಬೆಳಗ್ಗೆ ನಿಗದಿತ ಸಿಬ್ಬಂದಿಯೊಬ್ಬರು ಸಂಗ್ರಹವನ್ನು ತೆರೆದು ಹೊಸ ಸಲ್ಲಿಕೆಗಳನ್ನು ನೋಡುವುದು. ಅವರು ರಜೆಯಲ್ಲಿದ್ದರೆ ಯಾರು ನೋಡಬೇಕೆಂಬುದನ್ನೂ ಬರವಣಿಗೆಯಲ್ಲಿ ಗೊತ್ತುಪಡಿಸುವುದು.

(ಆ) ಸ್ಪ್ಯಾಮ್ ಎಂದು ಬೇರ್ಪಟ್ಟವುಗಳ ಮೇಲೂ ಕಣ್ಣಾಡಿಸುವುದು. ಜಾಹೀರಾತುಗಳ ರಾಶಿಯ ನಡುವೆ ನಿಜವಾದ ದೂರೊಂದು ಸಿಲುಕಿರಬಹುದು.

(ಇ) ನಿಜವಾದ ಸಲ್ಲಿಕೆಗಳನ್ನು ಅಂದೇ ಆವಕ ವಹಿಗೆ ಏರಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮುಂದೆ ಮಂಡಿಸುವುದು.

(ಈ) ಯಾರಿಗೆ ವಹಿಸಲಾಯಿತು, ಯಾವ ದಿನಾಂಕದೊಳಗೆ ಮುಗಿಯಬೇಕು ಎಂಬುದನ್ನು ವಹಿಯಲ್ಲಿ ನಮೂದಿಸುವುದು.

(ಉ) ಕೆಲಸ ಮುಗಿದ ಮೇಲೆ, ಅಥವಾ ಆಗದೆಂದು ತೀರ್ಮಾನವಾದ ಮೇಲೆ, ಕಾರಣ ಸಹಿತ ಹಿಂಬರಹ ನೀಡಿ ನಮೂದನ್ನು ಮುಗಿಸುವುದು.

ಸಂಗ್ರಹದಿಂದ ಸಲ್ಲಿಕೆಯನ್ನು ‘ಟ್ರ್ಯಾಶ್’ ಬುಟ್ಟಿಗೆ ಹಾಕಿದರೆ ಸಾಮಾನ್ಯವಾಗಿ 30 ದಿನಗಳ ನಂತರ ಅದು ಶಾಶ್ವತವಾಗಿ ಅಳಿಸಿಹೋಗುತ್ತದೆ. ಆದ್ದರಿಂದ ‘ಕೆಲಸ ಮುಗಿಯಿತು’ ಎಂಬ ಅರ್ಥದಲ್ಲಿ ಬುಟ್ಟಿಗೆ ಹಾಕುವ ರೂಢಿ ಬೆಳೆಯಬಾರದು. ದಾಖಲೆಯನ್ನು ನಾಶಪಡಿಸುವುದು ದಾಖಲೆಗಳ ಸಂರಕ್ಷಣೆಗೆ ಅನ್ವಯಿಸುವ ನಿಯಮಗಳ ಪ್ರಕಾರವೇ ನಡೆಯತಕ್ಕದ್ದು. ಸಿಬ್ಬಂದಿಯ ಅನುಕೂಲದಂತೆ ಅಲ್ಲ.

7. ಸಕಾಲ ಸೇವೆಗಳು ಮತ್ತು ಜಾಲತಾಣದ ನಮೂನೆ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗೆ ಅರ್ಜಿ ಸ್ವೀಕೃತವಾದಾಗ 15 ಅಂಕಿಗಳ ಸಂಖ್ಯೆಯೊಂದು ದೊರೆಯುತ್ತದೆ. ನಿಗದಿತ ಕಾಲಮಿತಿಯನ್ನು ಅದರ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆ; ವಿಳಂಬವಾದರೆ ಮೇಲ್ಮನವಿಗೂ ಅದೇ ಆಧಾರ. ಕುಡಿಯುವ ನೀರಿನ ಸಣ್ಣ ದುರಸ್ತಿ, ಬೀದಿದೀಪಗಳ ನಿರ್ವಹಣೆಯಂತಹ ಪಂಚಾಯಿತಿ ಕೆಲಸಗಳೂ ಸಕಾಲದ ಪಟ್ಟಿಯಲ್ಲಿ ಸೇರಿವೆ.

ಜಾಲತಾಣದ ನಮೂನೆಯಲ್ಲಿ ಬಂದ ದೂರಿಗೆ ಈ 15 ಅಂಕಿಗಳ ಸಂಖ್ಯೆ ತಾನಾಗಿ ದೊರೆಯುವುದಿಲ್ಲ. ಅಂದರೆ ನಾಗರಿಕರು ತಾವು ಸರ್ಕಾರದ ವ್ಯವಸ್ಥೆಯಲ್ಲಿಯೇ ದೂರು ಕೊಟ್ಟಿದ್ದೇವೆಂದು ನಂಬಿರುತ್ತಾರೆ. ಆದರೆ ಸಕಾಲದ ರಕ್ಷಣೆ ಅವರಿಗಿರುವುದಿಲ್ಲ. ಇದನ್ನು ತಪ್ಪಿಸಲು ನಮೂನೆಯ ಮೇಲ್ಭಾಗದಲ್ಲಿಯೇ ಯಾವ ಕೆಲಸಗಳಿಗೆ ಸಕಾಲದ ಮೂಲಕ ಅರ್ಜಿ ಸಲ್ಲಿಸಬಹುದು ಎಂಬುದನ್ನು ಸರಳ ಕನ್ನಡದಲ್ಲಿ ತಿಳಿಸಬೇಕು. ಅಂತಹ ದೂರು ಬಂದೇಬಿಟ್ಟರೆ ಸಿಬ್ಬಂದಿಯು ದೂರುದಾರರಿಗೆ ಕರೆ ಮಾಡಿ, ಸಕಾಲದಲ್ಲಿ ಅರ್ಜಿ ದಾಖಲಿಸಲು ನೆರವಾಗಬೇಕು. ದೊರೆತ ಸಂಖ್ಯೆಯನ್ನು ಆವಕ ವಹಿಯ ಷರಾ ಅಂಕಣದಲ್ಲಿ ಬರೆಯಬೇಕು.

8. ಗೋಪ್ಯತೆ ಮತ್ತು ಬೀಗದ ಕೈ

ಸಂಗ್ರಹದಲ್ಲಿ ನಾಗರಿಕರು ತುಂಬಿದ ವಿವರಗಳಷ್ಟೇ ಇರುವುದಿಲ್ಲ. ಸಲ್ಲಿಸಿದ ಸಮಯ, ಬಳಸಿದ ಸಾಧನದ ಐಪಿ ವಿಳಾಸ, ಬ್ರೌಸರ್‌ನ ವಿವರ ಮುಂತಾದವೂ ದಾಖಲಾಗುತ್ತವೆ. ಯಾರು ಬರೆದರೆಂಬುದನ್ನು ಗುರುತಿಸಲು ಇವು ನೆರವಾಗಬಲ್ಲವು. ಕೆರೆಯ ಒತ್ತುವರಿ, ಅಕ್ರಮ ಮದ್ಯ ಮಾರಾಟ, ಗುತ್ತಿಗೆ ಕಾಮಗಾರಿಯ ಕಳಪೆ ಗುಣಮಟ್ಟ ಇವುಗಳ ಬಗ್ಗೆ ದೂರು ಕೊಡುವವರು ಅದೇ ಊರಿನಲ್ಲಿ, ದೂರಿಗೆ ಗುರಿಯಾದವರ ಪಕ್ಕದ ಮನೆಯಲ್ಲೇ ಬಾಳಬೇಕಾದವರು. ಅವರ ಹೆಸರು ಚಹಾ ಅಂಗಡಿಯ ಮಾತಾದರೆ ಮುಂದೆ ಯಾರೂ ದೂರು ಕೊಡಲು ಮುಂದೆ ಬರುವುದಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ವೈಯಕ್ತಿಕ ವಿವರಗಳನ್ನು ಸಂಗ್ರಹಿಸುವವರ ಮೇಲೆ ಅವನ್ನು ಸೂಕ್ತ ಭದ್ರತೆಯಲ್ಲಿಡುವ ಕರ್ತವ್ಯವನ್ನು ಹೊರಿಸಿದೆ. ಆ ಕರ್ತವ್ಯದಲ್ಲಿ ಲೋಪವಾದರೆ ರೂ. 250 ಕೋಟಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ.

ಫ್ಲೆಮಿಂಗೋದ ಸಂಗ್ರಹವನ್ನು ಮೂಲ ಸ್ಥಿತಿಯಲ್ಲಿ ಜಾಲತಾಣದ ಮುಖ್ಯ ನಿರ್ವಾಹಕರ ಖಾತೆಯವರು ಮಾತ್ರ ನೋಡಬಲ್ಲರು. ಈ ಬಂದೋಬಸ್ತು ಒಳ್ಳೆಯದೇ. ಆದರೆ ಆ ಖಾತೆಯ ಪಾಸ್‌ವರ್ಡ್ ಕಚೇರಿಯ ಗೋಡೆಯ ಮೇಲೆ ಅಂಟಿಸಿದ ಚೀಟಿಯಲ್ಲಿದ್ದರೆ ಅದರಿಂದ ಪ್ರಯೋಜನವಿಲ್ಲ. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರಬೇಕು. ಸಿಬ್ಬಂದಿ ವರ್ಗಾವಣೆಯಾದ ದಿನವೇ ಅವರ ಖಾತೆಯನ್ನು ಮುಚ್ಚಬೇಕು. ಪ್ರಭಾರ ಹಸ್ತಾಂತರ ಪಟ್ಟಿಯಲ್ಲಿ ಕಪಾಟಿನ ಬೀಗದ ಕೈಯೊಂದಿಗೆ ಜಾಲತಾಣದ ಖಾತೆಯೂ ಸೇರಿರಬೇಕು.

ಸಭೆಗೆ ಮಂಡಿಸುವ ಪಟ್ಟಿಯಲ್ಲಿ ಆವಕ ಸಂಖ್ಯೆ, ದಿನಾಂಕ, ವಾರ್ಡ್, ವಿಷಯ, ಕೈಗೊಂಡ ಕ್ರಮ ಇಷ್ಟಿದ್ದರೆ ಸಾಕು. ದೂರುದಾರರ ಹೆಸರು, ಮೊಬೈಲ್ ಸಂಖ್ಯೆ ಅಲ್ಲಿ ಬೇಡ. ಸದಸ್ಯರು ಹೆಸರನ್ನು ಕೇಳದಿರುವುದು ಕೂಡ ದೂರುದಾರರಿಗೆ ನೀಡುವ ರಕ್ಷಣೆಯೇ.

ಜಾಲತಾಣವನ್ನು ಖಾಸಗಿ ಸಂಸ್ಥೆ ನಿರ್ಮಿಸಿದ್ದರೆ ಒಪ್ಪಂದವನ್ನು ಒಮ್ಮೆ ತೆಗೆದು ಓದಬೇಕು. ಡೊಮೇನ್ ಯಾರ ಹೆಸರಿನಲ್ಲಿದೆ, ಸರ್ವರ್ ಬಾಡಿಗೆಯ ಅವಧಿ ಎಂದಿಗೆ ಮುಗಿಯುತ್ತದೆ, ಒಪ್ಪಂದ ಮುಗಿದಾಗ ಡೇಟಾಬೇಸಿನ ಪೂರ್ಣ ಪ್ರತಿಯನ್ನು ಪಂಚಾಯಿತಿಗೆ ಒಪ್ಪಿಸಬೇಕೆಂಬ ಷರತ್ತು ಇದೆಯೇ ಎಂಬುದನ್ನು ನೋಡಬೇಕು. ಬಾಡಿಗೆ ಕಟ್ಟದೆ ಸರ್ವರ್ ನಿಂತರೆ ಅದರಲ್ಲಿರುವ ದೂರುಗಳೂ ಅದರೊಂದಿಗೇ ಹೋಗುತ್ತವೆ. ವರ್ಡ್‌ಪ್ರೆಸ್ ಮತ್ತು ಪ್ಲಗಿನ್‌ಗಳಿಗೆ ಆಗಾಗ ಬರುವ ಪರಿಷ್ಕೃತ ಆವೃತ್ತಿಗಳನ್ನು ಯಾರು ಹಾಕುತ್ತಾರೆಂಬುದನ್ನೂ ಒಪ್ಪಂದ ಹೇಳಬೇಕು. ಜಾಲತಾಣಕ್ಕೆ ಅಕ್ರಮ ಪ್ರವೇಶ ನಡೆದುದು ಕಂಡುಬಂದರೆ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ 6 ಗಂಟೆಗಳೊಳಗೆ ವರದಿ ಮಾಡಬೇಕಾಗುತ್ತದೆ.

9. ಪ್ರತಿ ತೆಗೆದಿಡುವುದು

ಸಂದೇಶಗಳ ಪುಟದಲ್ಲಿರುವ ‘ಎಕ್ಸ್‌ಪೋರ್ಟ್’ ಗುಂಡಿಯಿಂದ ಸಲ್ಲಿಕೆಗಳನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಬಹುದು. ತಿಂಗಳಿಗೊಮ್ಮೆ ಹೀಗೆ ಪ್ರತಿ ತೆಗೆದು ಕಚೇರಿಯ ಗಣಕಯಂತ್ರದಲ್ಲಿಯೂ ಪ್ರತ್ಯೇಕ ಸಾಧನದಲ್ಲಿಯೂ ಇಡುವುದು ಒಳ್ಳೆಯದು. ಈ ಕಡತವನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚಬಾರದು.

ಇಲ್ಲಿ ಸಿಬ್ಬಂದಿಗೆ ಎರಡು ತೊಡಕುಗಳು ಎದುರಾಗಬಹುದು. ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಕಡತ ಕೆಟ್ಟಿದೆಯೆಂದು ತಿಳಿದು ಅಳಿಸಬಾರದು. ದತ್ತಾಂಶವನ್ನು ಆಮದು ಮಾಡಿಕೊಳ್ಳುವ ಸೌಲಭ್ಯದ ಮೂಲಕ ತೆರೆದು, ಅಕ್ಷರ ಸಂಕೇತವನ್ನು ಯುಟಿಎಫ್-8 ಎಂದು ಆರಿಸಿದರೆ ಕನ್ನಡ ಸರಿಯಾಗಿ ಮೂಡುತ್ತದೆ. ಇನ್ನೊಂದು, 15 ಅಂಕಿಗಳಂತಹ ಉದ್ದ ಸಂಖ್ಯೆಗಳನ್ನು ಎಕ್ಸೆಲ್ ಸಂಕ್ಷಿಪ್ತ ರೂಪಕ್ಕೆ ತಿರುಗಿಸಿ ತೋರಿಸುತ್ತದೆ. ಆ ಅಂಕಣವನ್ನು ಮೊದಲೇ ‘ಟೆಕ್ಸ್ಟ್’ ಎಂದು ಗುರುತಿಸಿದರೆ ಸಂಖ್ಯೆ ಇದ್ದಂತೆಯೇ ಉಳಿಯುತ್ತದೆ.

10. ಸದಸ್ಯರು ಮಾಡಬಹುದಾದ ಪರೀಕ್ಷೆ

ಯಾರ ನೆರವೂ ಇಲ್ಲದೆ ಸದಸ್ಯರೇ ಈ ಪರೀಕ್ಷೆಯನ್ನು ನಡೆಸಬಹುದು. ತಮ್ಮ ಮೊಬೈಲಿನಿಂದ ಪಂಚಾಯಿತಿಯ ಜಾಲತಾಣವನ್ನು ತೆರೆದು, ದೂರಿನ ನಮೂನೆಯಲ್ಲಿ ‘ಇದು ಪರೀಕ್ಷಾರ್ಥ ಸಲ್ಲಿಕೆ’ ಎಂದು ಬರೆದು ಕಳುಹಿಸಬೇಕು. ಸಮಯವನ್ನು ಗುರುತು ಹಾಕಿಕೊಳ್ಳಬೇಕು. ಮರುದಿನ ಕಚೇರಿಗೆ ಹೋಗಿ ಮೂರು ಕಡೆ ನೋಡಬೇಕು. ಇ-ಮೇಲ್ ಪೆಟ್ಟಿಗೆಗೆ ಅದು ಬಂದಿದೆಯೇ? ಜಾಲತಾಣದ ಸಂಗ್ರಹದಲ್ಲಿ ಉಳಿದಿದೆಯೇ? ಆವಕ ವಹಿಯಲ್ಲಿ ನಮೂದಾಗಿದೆಯೇ?

ಇ-ಮೇಲ್‌ನಲ್ಲಿ ಇಲ್ಲ, ಸಂಗ್ರಹದಲ್ಲಿದೆ ಎಂದಾದರೆ ಪತ್ರ ರವಾನೆಯ ಏರ್ಪಾಡನ್ನು ಸರಿಪಡಿಸಬೇಕು. ಇ-ಮೇಲ್‌ನಲ್ಲಿದೆ, ಸಂಗ್ರಹದಲ್ಲಿ ಇಲ್ಲ ಎಂದಾದರೆ ಉಳಿಸುವ ಪ್ಲಗಿನ್ ಇಲ್ಲ ಅಥವಾ ನಿಂತಿದೆ. ಎರಡರಲ್ಲಿಯೂ ಇದ್ದು ವಹಿಯಲ್ಲಿ ಇಲ್ಲದಿದ್ದರೆ ಯಂತ್ರದ ಕೆಲಸ ಸರಿಯಿದೆ, ಕಚೇರಿಯ ಕೆಲಸ ಆಗಿಲ್ಲ. ಎಲ್ಲಿಯೂ ಇಲ್ಲವೆಂದಾದರೆ ಅದು ಸರಿಹೋಗುವವರೆಗೆ ನಮೂನೆಯನ್ನು ಜಾಲತಾಣದಿಂದ ತೆಗೆದು, ಕಚೇರಿಯ ದೂರವಾಣಿ ಸಂಖ್ಯೆಯನ್ನೂ ರಾಜ್ಯದ ಜನಸ್ಪಂದನ ಸಹಾಯವಾಣಿ 1902ನ್ನೂ ಆ ಜಾಗದಲ್ಲಿ ಪ್ರಕಟಿಸುವುದು ಲೇಸು. ದೂರನ್ನು ನುಂಗುವ ನಮೂನೆಗಿಂತ ನಮೂನೆಯೇ ಇಲ್ಲದಿರುವುದು ನಾಗರಿಕರಿಗೆ ಮೇಲು. ಇಲ್ಲವೆಂದು ತಿಳಿದರೆ ಅವರು ಬೇರೆ ದಾರಿಯನ್ನಾದರೂ ಹುಡುಕಿಕೊಳ್ಳುತ್ತಾರೆ.

11. ಸಾಮಾನ್ಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

(1) ಕಳೆದ ಸಭೆಯಿಂದ ಈಚೆಗೆ ಜಾಲತಾಣದ ಮೂಲಕ ಎಷ್ಟು ದೂರುಗಳು ಬಂದಿವೆ? ಸಂಗ್ರಹದ ಲೆಕ್ಕಕ್ಕೂ ಆವಕ ವಹಿಯ ಲೆಕ್ಕಕ್ಕೂ ತಾಳೆಯಾಗುತ್ತದೆಯೇ?

(2) ಪ್ರತಿದಿನ ಸಂಗ್ರಹವನ್ನು ನೋಡುವ ಹೊಣೆ ಯಾರದು? ಅದಕ್ಕೆ ಕಚೇರಿ ಆದೇಶವಿದೆಯೇ?

(3) ಅತಿ ಹಳೆಯ ಬಾಕಿ ದೂರು ಯಾವ ದಿನಾಂಕದ್ದು? ಬಾಕಿಗೆ ಕಾರಣವೇನು?

(4) ಸಕಾಲದ ವ್ಯಾಪ್ತಿಗೆ ಬರುವ ದೂರುಗಳಿಗೆ ಸಕಾಲದ ಸಂಖ್ಯೆ ದೊರಕಿಸಲಾಗಿದೆಯೇ?

(5) ಜಾಲತಾಣದ ನಿರ್ವಾಹಕ ಖಾತೆಗಳು ಎಷ್ಟು, ಯಾರ ಬಳಿ ಇವೆ?

(6) ಕೊನೆಯ ಬಾರಿ ಪ್ರತಿ ತೆಗೆದಿಟ್ಟದ್ದು ಎಂದು? ಆ ಪ್ರತಿಯನ್ನು ತೆರೆದು ಓದಲು ಸಾಧ್ಯವೇ ಎಂದು ಪರಿಶೀಲಿಸಲಾಗಿದೆಯೇ?

ಈ ಪ್ರಶ್ನೆಗಳನ್ನೂ ಅವುಗಳ ಉತ್ತರವನ್ನೂ ನಡಾವಳಿಯಲ್ಲಿ ದಾಖಲಿಸಿದರೆ ಮುಂದಿನ ಸಭೆಯಲ್ಲಿ ಅಲ್ಲಿಂದಲೇ ಮುಂದುವರಿಯಬಹುದು. ಉತ್ತರ ತೃಪ್ತಿಕರವಲ್ಲದಿದ್ದಲ್ಲಿ ಹೊಣೆಗಾರಿಕೆ, ದಿನಚರಿ, ಪ್ರತಿ ತೆಗೆಯುವ ಅವಧಿ ಇವುಗಳನ್ನು ಗೊತ್ತುಪಡಿಸಿ ಠರಾವು ಮಾಡಿಕೊಳ್ಳಬಹುದು.

ಸಾರಾಂಶ

ನಮೂನೆ ದೂರನ್ನು ಸ್ವೀಕರಿಸುತ್ತದೆ, ಪ್ಲಗಿನ್ ಅದನ್ನು ಉಳಿಸುತ್ತದೆ, ಆವಕ ವಹಿ ಅದಕ್ಕೆ ಸಂಖ್ಯೆ ಕೊಡುತ್ತದೆ, ಸಿಬ್ಬಂದಿ ಅದನ್ನು ವಿಲೇವಾರಿ ಮಾಡುತ್ತಾರೆ, ಸಭೆ ಅದರ ಲೆಕ್ಕ ಕೇಳುತ್ತದೆ. ಈ ಐದರಲ್ಲಿ ಒಂದು ತಪ್ಪಿದರೂ ನಾಗರಿಕರ ಮಾತು ನಡುದಾರಿಯಲ್ಲಿ ನಿಲ್ಲುತ್ತದೆ. ಮೊದಲಿನ ಎರಡನ್ನು ತಂತ್ರಾಂಶ ಮಾಡಬಲ್ಲದು. ಉಳಿದ ಮೂರು ಪಂಚಾಯಿತಿಯ ಕೆಲಸ.

ಅಭ್ಯಾಸ

(ಅ) ತಮ್ಮ ಗ್ರಾಮ ಪಂಚಾಯಿತಿಯ ಜಾಲತಾಣದಲ್ಲಿರುವ ನಮೂನೆಯನ್ನು ತೆರೆದು, ಅದರಲ್ಲಿ ಕೇಳಿರುವ ವಿವರಗಳಲ್ಲಿ ಅನವಶ್ಯಕವಾದವು ಯಾವುವೆಂದು ಪಟ್ಟಿ ಮಾಡಿರಿ.

(ಆ) 10ನೆಯ ವಿಭಾಗದಲ್ಲಿ ಹೇಳಿದ ಪರೀಕ್ಷೆಯನ್ನು ಮುಂದಿನ ಸಾಮಾನ್ಯ ಸಭೆಗೆ ಮುನ್ನ ನಡೆಸಿ, ಫಲಿತಾಂಶವನ್ನು ಸಭೆಯಲ್ಲಿ ತಿಳಿಸಿರಿ.

(ಇ) ‘ಕಳುಹಿಸಲಾಗಿದೆ’, ‘ತಲುಪಿದೆ’, ‘ದಾಖಲಾಗಿದೆ’ ಈ ಮೂರರ ನಡುವಣ ವ್ಯತ್ಯಾಸವನ್ನು ತಮ್ಮ ವಾರ್ಡಿನ ಒಂದು ದೂರಿನ ಉದಾಹರಣೆಯಿಂದ ವಿವರಿಸಿರಿ.